ಸ್ಟ್ಯಾನಿ ಭಾವನ ಕರಿ ಕೋಟು

ನನ್ನ ಅಕ್ಕ ಸೆಲೀನಳ ಗಂಡ ಸ್ಟ್ಯಾನಿಸ್ಲಾಸ್ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಭಾವನಿಗೆ ಬಹುವಚನ ಕೊಡಬೇಕೆಂದು ನಮ್ಮ ತಾಯಿ ಕಲಿಸಿದ್ದರು, ಎದುರಿಗಿದ್ದಾಗ ನಾನು ಧಾರಾಳವಾಗಿ ಕೊಟ್ಟಿದ್ದೇನೆ. ಆದರೆ ತನ್ನದೇ ಕೋಟಿನ ಜೊತೆ ಸ್ಪರ್ಧೆಗೆ ಇಳಿದು ಸೋತ ಮನುಷ್ಯನನ್ನು 'ಅವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಗುವ ಭರದಲ್ಲಿ ಮರೆತುಹೋದೀತು.

ನಮ್ಮದು ಕಾರ್ಕಳದ ಕಡೆ. ಅಕ್ಕ ಮದುವೆಯಾಗಿ ಎರ್ಮಾಳಿಗೆ ಬಂದಳು, ಮಾರ್ಗಕ್ಕೂ ಕಡಲಿಗೂ ನಡುವೆ ತೆಂಗಿನ ಮರಗಳ ಕೆಳಗಿದ್ದ ಹೆಂಚಿನ ಮನೆಗೆ. ಅವಳ ಎರಡನೆಯ ಬಾಣಂತನಕ್ಕೆಂದು ಬಂದ ನಾನು ಹಿಂದೆ ಹೋಗಲಿಲ್ಲ. ಹೊಲಿಗೆ ಮೆಷಿನ್ನು ತರಿಸಿಕೊಂಡು ಜಗಲಿಯ ಮೂಲೆಯಲ್ಲಿ ಕೂತೆ. ನನ್ನ ಬಾಯಿ ಜೋರೆಂದು ಬಂದ ಗಂಡುಗಳೆಲ್ಲ ವಾಪಸು ಹೋದರು ಎನ್ನುತ್ತಾರೆ. ನನ್ನ ಬಾಯಿ ಕೇಳುವಷ್ಟು ಹೊತ್ತು ಅವರಲ್ಲಿ ಒಬ್ಬನೂ ಕೂರಲಿಲ್ಲ ಎಂಬುದು ನನ್ನ ತಕರಾರು. ಅಕ್ಕನ ಮಕ್ಕಳಿಗೆ ನಾನು ಐರಿನ್ ಮಾವ್ಶಿ. ಕೊಂಕಣಿಯಲ್ಲಿ ತಾಯಿಯ ತಂಗಿಯನ್ನು ಹಾಗೆ ಕರೆಯುತ್ತಾರೆ.

ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ತೇರ್ಸ್. ನಮ್ಮ ಕ್ರಿಸ್ತುವರ ಮನೆಗಳಲ್ಲೆಲ್ಲ ಇರುವಂಥದೇ, ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಎದುರು ಮೊಣಕಾಲೂರಿ ಜಪಮಣಿ ಹಿಡಿದು ಮಾಡುವ ಪ್ರಾರ್ಥನೆ. ಮಕ್ಕಳು ತೂಕಡಿಸುತ್ತವೆ, ದೊಡ್ಡವರು ತಾವೂ ತೂಕಡಿಸುತ್ತಾ ಮಕ್ಕಳನ್ನು ಚಿವುಟುತ್ತಾರೆ. ತೇರ್ಸ್ ಮುಗಿದ ಮೇಲೆ ಬೆಸಾಂವ್, ಅಂದರೆ ಆಶೀರ್ವಾದ. ಚಿಕ್ಕವರು ಕೈಮುಗಿದು ದೊಡ್ಡವರ ಮುಂದೆ ಹೋಗಿ 'ಬೆಸಾಂವ್ ದಿಯಾ' ಎಂದು ಕೇಳಬೇಕು. ದೊಡ್ಡವರು ತಲೆಯ ಮೇಲೆ ಕೈಯಿಟ್ಟು 'ದೇವ್ ಬರೆಂ ಕರುಂ' ಎನ್ನಬೇಕು, ದೇವರು ಒಳ್ಳೆಯದು ಮಾಡಲಿ ಎಂದು. ಮೊದಲು ಮನೆಯ ಯಜಮಾನನಿಂದ, ಆಮೇಲೆ ಯಜಮಾನಿಯಿಂದ, ಹಾಗೇ ವಯಸ್ಸಿನ ಕ್ರಮದಲ್ಲಿ ಇಳಿಯುತ್ತಾ ಇಳಿಯುತ್ತಾ ತಂಗಿ ಅಣ್ಣನಿಂದಲೂ ಕೇಳಬೇಕು. ಎಲ್ಲರಿಗಿಂತ ಚಿಕ್ಕದು ಎಲ್ಲರಿಂದ ತೆಗೆದುಕೊಳ್ಳುತ್ತದೆ, ಅದರ ಹತ್ತಿರ ಕೇಳುವವರು ಯಾರೂ ಇಲ್ಲ. ಇದೆಲ್ಲ ಆಗದೆ ಊಟವಿಲ್ಲ. ಇನ್ನೊಂದು ಕಟ್ಟುನಿಟ್ಟು, ಕೇಳದವರಿಗೆ ಬೆಸಾಂವ್ ಕೊಡುವಂತಿಲ್ಲ. ನಿದ್ದೆ ಹೋದ ಮಗುವಿನ ತಲೆಯ ಮೇಲೆ ಕೈಯಿಟ್ಟು ಏನು ಹೇಳಿದರೂ ಅದು ಬರೀ ಮಾತು.

೧೯೫೫ರಲ್ಲಿ ಭಾವ ಹೊಸ ಹಡಗಿಗೆ ಹೊರಟಾಗ ಲಿಯೋನೆಲನಿಗೆ ಐದು ವರ್ಷ, ಜೋನಳಿಗೆ ಮೂರು, ಮೂರನೆಯದು ಅಕ್ಕನ ಹೊಟ್ಟೆಯಲ್ಲಿತ್ತು. ಈ ಸಲ ಬರುವುದು ಮೂರು ವರ್ಷಕ್ಕೆ ಎಂದು ಹೇಳಿ ಹೋಗಿದ್ದ. ಮೊದಲೆಲ್ಲ ಅವನು ಹೋದಾಗ ಮಕ್ಕಳು ಬೆಸಾಂವ್ ಕೇಳುವಷ್ಟು ದೊಡ್ಡವಾಗಿರಲಿಲ್ಲ. ಅವನು ಹೋದ ದಿನ ಸಂಜೆ ತೇರ್ಸ್ ಮುಗಿಯಿತು. ಲಿಯೋನೆಲ್ ಎದ್ದು ಕೈಮುಗಿದು ಅಕ್ಕನ ಮುಂದೆ ಬಂದು ನಿಂತ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಮೊದಲ ಬೆಸಾಂವ್ ತಾಯಿಯಿಂದ ತೆಗೆದುಕೊಳ್ಳುವುದು ವಿಧವೆಯರ ಮನೆಯಲ್ಲಿ, ಎಂದಳು. ನಾನು ಹಾಗೆಲ್ಲ ಉಂಟಾ ಎಂದೆ. ಅವಳು ನನ್ನ ಮಾತು ಕೇಳಿಸಿಕೊಳ್ಳದೆ ಒಳಗೆ ಹೋಗಿ ಪೆಟ್ಟಿಗೆ ತೆರೆದು ಭಾವನ ಮದುವೆಯ ಕರಿ ಕೋಟು ತಂದಳು. ಕಡಿಯಾಳಿಯ ದರ್ಜಿ ಹೊಲಿದ ಕೋಟು, ಮದುವೆಯ ದಿನ ಬಿಟ್ಟರೆ ಯಾರ ಮೈಗೂ ಏರಿದ್ದಲ್ಲ. ಅದನ್ನು ಕೈಯಿರುವ ಬೆತ್ತದ ಕುರ್ಚಿಗೆ ಹಾಕಿ, ತೋಳುಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು, ಮಕ್ಕಳಿಗೆ ಹೇಳಿದಳು. "ಮೊದಲು ಪಪ್ಪನಿಂದ ಕೇಳಿ."

ಮಕ್ಕಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಲಿಯೋನೆಲ್ ಕೋಟಿನ ಮುಂದೆ ಬಗ್ಗಿ ಕೇಳಿದ. ಕೋಟು ಸುಮ್ಮನಿತ್ತು. ಆಗ ಅಕ್ಕ ಪಕ್ಕದಲ್ಲೇ ನಿಂತು, ಗಂಟಲು ಸ್ವಲ್ಪ ದಪ್ಪ ಮಾಡಿ, 'ದೇವ್ ಬರೆಂ ಕರುಂ' ಎಂದಳು. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ. ಒಂದು ದಿನದ ಹುಚ್ಚು, ನಾಳೆ ಬಿಡುತ್ತದೆ ಎಂದುಕೊಂಡೆ.

ಅದು ಬಿಡಲಿಲ್ಲ. ಕೋಟು ಕುರ್ಚಿಯಲ್ಲಿ ನೆಲೆಯೂರಿತು. ಬೆಳಿಗ್ಗೆ ಅಕ್ಕ ಅದನ್ನು ಕೊಡವಿ ಬ್ರಶ್ ಮಾಡುತ್ತಿದ್ದಳು, ಮಳೆಗಾಲದಲ್ಲಿ ಒಲೆಯ ಹತ್ತಿರ ಬೂಷ್ಟು ಹಿಡಿಯದಂತೆ ಕಾಯಿಸುತ್ತಿದ್ದಳು. ಮಕ್ಕಳು ತಂಟೆ ಮಾಡಿದರೆ 'ಪಪ್ಪನಿಗೆ ಹೇಳುತ್ತೇನೆ' ಎಂದು ಕುರ್ಚಿಯ ಕಡೆ ನೋಡಿದರೆ ಸಾಕು, ಮನೆ ತಣ್ಣಗಾಗುತ್ತಿತ್ತು. ನಮ್ಮ ತೆನೆಹಬ್ಬವಾದ ಮೊಂತಿ ಹಬ್ಬದಲ್ಲಿ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ತಂದ ಹೊಸ ತೆನೆಯ ಕಾಳನ್ನು ಪಾಯಸಕ್ಕೆ ಹಾಕಿ, ದೂರದಲ್ಲಿರುವವರ ಪಾಲನ್ನೂ ಬಡಿಸಿಡುವುದು ನಮ್ಮ ಪದ್ಧತಿ. ಬೇರೆ ಮನೆಗಳಲ್ಲಿ ಅದನ್ನು ಮುಚ್ಚಿಡುತ್ತಾರೆ. ನಮ್ಮಲ್ಲಿ ಕೋಟಿನ ಮುಂದೆ ಸ್ಟೂಲು ಇಟ್ಟು, ಬಾಳೆಲೆ ಹಾಕಿ, ಪಾಯಸ ಬಡಿಸಿ, ಅದು ಉಂಡು ಮುಗಿಸುವಷ್ಟು ಹೊತ್ತು ಕಾದು, ಆಮೇಲೆ ನಾವು ಊಟಕ್ಕೆ ಕೂರುವುದು. ಕೋಟು ನಿಧಾನವಾಗಿ ಉಣ್ಣುತ್ತಿತ್ತು. ನನಗೆ ಹಸಿವು.

ಪಕ್ಕದ ಮನೆಯ ರುಕಿಯಮ್ಮ ಬ್ಯಾರಿ ಮುಸಲ್ಮಾನರು, ಗಂಡ ಮೊಯ್ದೀನ್ ಬ್ಯಾರಿಗೆ ಉಚ್ಚಿಲದಲ್ಲಿ ಒಣಮೀನಿನ ಅಂಗಡಿ. ಮೊದಲೆಲ್ಲ ಭಾವ ಊರಲ್ಲಿಲ್ಲದಾಗ ಆಕೆ ಧೈರ್ಯವಾಗಿ ಮುಂಬಾಗಿಲಿನಿಂದಲೇ ಬರುತ್ತಿದ್ದವರು, ಕೋಟು ಕೂತದ್ದು ನೋಡಿ ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು ಹಿತ್ತಲಿನಿಂದ ಬರಲು ಶುರು ಮಾಡಿದರು. ಅದು ಬರೀ ಕೋಟು ರುಕಿಯಮ್ಮ ಎಂದು ನಾನು ಹೇಳಿದೆ. "ಗೊತ್ತುಂಟು ಬಾಯಮ್ಮ," ಎಂದರು. "ಆದರೂ ಗಂಡಸಿನ ಕೋಟು, ಅಲ್ವಾ?"

ಇಂಥ ಮನೆಯಲ್ಲಿ ರೋಸಲಿನ್ ಹುಟ್ಟಿದಳು. ಅಕ್ಕ ಕೂಸನ್ನು ತಂದು ಮೊದಲು ಕೋಟಿನ ಮಡಿಲಲ್ಲಿ ಮಲಗಿಸಿದಳು. ದೊಡ್ಡ ಮಕ್ಕಳಿಗೆ ಅಪ್ಪನೆಂದರೆ ಮೀಸೆಯ, ಬೆವರಿನ, ಗೊರಕೆಯ ನೆನಪು ಸ್ವಲ್ಪವಾದರೂ ಇತ್ತು, ಕೋಟು ಅವನ ಬದಲಿಗೆ ಕೂತದ್ದೆಂದು ಗೊತ್ತಿತ್ತು. ರೋಸುವಿಗೆ ಬದಲಿ ಗಿದಲಿ ಏನೂ ಇರಲಿಲ್ಲ. ಅವಳು ಅದರ ತೋಳು ಹಿಡಿದು ಎದ್ದು ನಿಲ್ಲಲು ಕಲಿತಳು, ಅದರ ಮಡಿಲಲ್ಲಿ ನಿದ್ದೆ ಮಾಡಿದಳು, ಹಲ್ಲು ಬರುವಾಗ ಅದರ ಗುಂಡಿ ಕಚ್ಚಿದಳು. ಊರಲ್ಲಿ ಬೇರೆ ಮಕ್ಕಳ ಅಪ್ಪಂದಿರಿಗೆ ತಲೆ, ಕಾಲು ಎಲ್ಲ ಇರುವುದನ್ನು ಅವಳು ಕಂಡಿದ್ದಳು. ರುಕಿಯಮ್ಮನ ಮಕ್ಕಳ ಅಪ್ಪ ಹಾಗೆ, ನನ್ನ ಪಪ್ಪ ಹೀಗೆ, ಎಂದು ತಿಳಿದುಕೊಂಡಿದ್ದಳು. ಅವರ ಅಪ್ಪ ಹೊಡೆಯುತ್ತಿದ್ದ, ಇವಳ ಅಪ್ಪ ಹೊಡೆಯುತ್ತಿರಲಿಲ್ಲ. ಲೆಕ್ಕ ಹಾಕಿದರೆ ಅವಳಿಗೇ ಲಾಭ.

ಐವತ್ತೆಂಟರ ಫೆಬ್ರವರಿಯಲ್ಲಿ ಭಾವ ಬಂದ. ಮಂಗಳೂರಿನಿಂದ ಬಸ್ಸಿನಲ್ಲಿ ಬಂದು ಮಾರ್ಗದಲ್ಲಿ ಇಳಿದು, ಟ್ರಂಕು ಹೊರಿಸಿಕೊಂಡು ಅಂಗಳಕ್ಕೆ ಕಾಲಿಟ್ಟ. ತನ್ನದೇ ಅಡುಗೆ ಉಂಡು ಉಂಡು ದಪ್ಪಗಾಗಿದ್ದ. ಲಿಯೋನೆಲ್, ಜೋನ್ ಓಡಿ ಹೋಗಿ ಅಪ್ಪಿಕೊಂಡರು. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರೋಸು ಕೋಟಿನ ಪಕ್ಕದಲ್ಲಿ ನಿಂತು, ಯಾರಿದು ಎಂದು ಕೇಳಿದಳು. ಪಪ್ಪ ಎಂದು ಅಕ್ಕ ಹೇಳಿದಳು. ರೋಸು ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಕೋಟನ್ನು ನೋಡಿದಳು, ದೊಡ್ಡವರು ಸುಳ್ಳು ಹೇಳುತ್ತಾರೆಂಬುದು ಅವಳಿಗೆ ಹೊಸತಲ್ಲ. ಆ ದಿನದಿಂದ ಅವನನ್ನು ಅವಳು ಕರೆದದ್ದು 'ಹಡಗಿನವ' ಎಂದು.

ಅವಳಿಗೆಂದು ಅವನು ಕಣ್ಣು ಮುಚ್ಚಿ ತೆರೆಯುವ ಗೊಂಬೆ ತಂದಿದ್ದ. ರೋಸು ಎರಡೂ ಕೈಯಲ್ಲಿ ತೆಗೆದುಕೊಂಡಳು, ನೇರ ಕುರ್ಚಿಯ ಹತ್ತಿರ ಹೋಗಿ ಕೋಟಿಗೆ ತೋರಿಸಿದಳು. 'ಪಪ್ಪಾ, ಹಡಗಿನವ ಕೊಟ್ಟ' ಎಂದಳು. ಭಾವ ನಕ್ಕ. ಆಗ ಅವನಿಗೆ ನಗು ಬರುತ್ತಿತ್ತು.

ಸಂಜೆ ತೇರ್ಸಿಗೆ ಮುಂಚೆ ಅವನು ಕೋಟನ್ನು ಎತ್ತಿ ಗೋಡೆಯ ಗೂಟಕ್ಕೆ ತೂಗಿಸಿ, ಪ್ರಾರ್ಥನೆ ಮುಗಿದ ಮೇಲೆ ತನ್ನ ಕುರ್ಚಿಯಲ್ಲಿ ತಾನು ಕೂತ. ಲಿಯೋನೆಲ್ ಬಂದು ಕೇಳಿದ, ಕೊಟ್ಟ. ಜೋನ್ ಬಂದಳು, ಕೊಟ್ಟ. ರೋಸು ಅವನನ್ನು ದಾಟಿ ಹೋಗಿ, ಸ್ಟೂಲು ಎಳೆದು, ಹತ್ತಿ, ಗೂಟದಲ್ಲಿದ್ದ ಕೋಟಿನ ತೋಳು ಹಿಡಿದು 'ಬೆಸಾಂವ್ ದಿಯಾ ಪಪ್ಪಾ' ಎಂದಳು. ಆಗ ನನ್ನ ಅಕ್ಕ, ಮೂರು ವರ್ಷದ ಅಭ್ಯಾಸ ನೋಡಿ, ಗಂಟಲು ದಪ್ಪ ಮಾಡಿ 'ದೇವ್ ಬರೆಂ ಕರುಂ' ಎಂದುಬಿಟ್ಟಳು.

ಭಾವ ತಿರುಗಿ ಹೆಂಡತಿಯನ್ನು ನೋಡಿದ. ಈಗ ಮಾತಾಡಿದ್ದು ಯಾರು ಎಂದು ಕೇಳಿದ. ಬಾಯಿ ತಪ್ಪಿ ಬಂತು ಎಂದು ಅಕ್ಕ ಗಂಜಿ ಬಡಿಸಲು ಹೋದಳು. ಆ ರಾತ್ರಿಯ ಗಂಜಿಗೆ ಕಾಣೆ ಮೀನಿನ ಸಾರಿತ್ತು, ಭಾವ ಮೀನನ್ನು ಬದಿಗಿಟ್ಟು ಬರೀ ಗಂಜಿ ಕುಡಿದ.

ಅವನ ರಜೆ ಒಂದು ತಿಂಗಳು. ಅದರಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ, ಆ ಮಗು ಒಮ್ಮೆ ಬಂದು ಕೈಮುಗಿದು ಕೇಳಬೇಕು, ತಾನು ಆ ತಲೆಯ ಮೇಲೆ ಕೈಯಿಟ್ಟು ಆ ಮಾತು ಹೇಳಬೇಕು. ನಗಬೇಡಿ. ನನ್ನ ಹತ್ತಿರ ಅವನು ಇದನ್ನು ನೇರವಾಗಿಯೇ ಹೇಳಿದ, ನಾನು ಮೆಷಿನ್ನಿನಲ್ಲಿ ಲಂಗದ ಅಂಚು ಹೊಲಿಯುತ್ತಿದ್ದಾಗ. "ಐರಿನ್, ದೊಡ್ಡ ಗಾಳಿ ಎದ್ದು ಹಡಗು ಅಲ್ಲಾಡುವಾಗ ನಾನು ಇಬ್ಬರು ಮಕ್ಕಳ ಹೆಸರು ಹೇಳಿ, ಅವರಿಗೆ ನನ್ನ ಬೆಸಾಂವ್ ಉಂಟು, ಅವರಿಗೇನೂ ಆಗುವುದಿಲ್ಲ ಅಂದುಕೊಳ್ಳುತ್ತೇನೆ. ಮೂರನೆಯದಕ್ಕೆ ನಾನು ಎಂತ ಹೇಳಲಿ? ಅದಕ್ಕೆ ಕೊಟ್ಟೇ ಇಲ್ಲ."

ಉಪಾಯಗಳು ಶುರುವಾದವು. ಮೊದಲ ಉಪಾಯ, ಕೋಟನ್ನು ಮಡಚಿ ಟ್ರಂಕಿಗೆ ಹಾಕಿ ಬೀಗ ಹಾಕುವುದು. ಎದುರಿಗೆ ಇಲ್ಲದಿದ್ದರೆ ಮರೆಯುತ್ತಾಳೆ ಎಂದು ಅವನ ಲೆಕ್ಕ. ರೋಸು ಮರೆಯಲಿಲ್ಲ. ಮನೆಯ ಮೂಲೆಮೂಲೆ ಹುಡುಕಿದಳು, ಬಾವಿಯಲ್ಲಿ ಇಣುಕಿದಳು, ಆಮೇಲೆ ಟ್ರಂಕಿನ ಸಂದಿಗೆ ಮೂಗಿಟ್ಟು ನುಸಿಗುಳಿಗೆಯ ವಾಸನೆ ಹಿಡಿದು ಅಲ್ಲೇ ಕೂತಳು. ಊಟ ಬಿಟ್ಟಳು, ಜ್ವರ ಬಂತು. ರುಕಿಯಮ್ಮ ಹಿತ್ತಲಿನಿಂದ ಬಂದು ಮಗುವಿನ ಹಣೆ ಮುಟ್ಟಿ ನೋಡಿ, ಮಗುವಿನ ಅಪ್ಪನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಜ್ವರ ಬರದೆ ಎಂತ ಬರುತ್ತದೆ ಎಂದು ಕೇಳಿದರು. ಮಗುವಿನ ಅಪ್ಪ ಪಕ್ಕದಲ್ಲೇ, ಒದ್ದೆ ಬಟ್ಟೆ ಹಿಂಡುತ್ತಾ ನಿಂತಿದ್ದ. ಬೀಗ ತೆಗೆದ. ಸಂಜೆಗೆ ಜ್ವರ ಇಳಿಯಿತು.

ಎರಡನೆಯ ಉಪಾಯ ನನ್ನದು. ಇಬ್ಬರು ಪಪ್ಪಂದಿರು ಇರುವುದೇ ತೊಂದರೆಯಾದರೆ ಇಬ್ಬರನ್ನೂ ಒಂದು ಮಾಡಿಬಿಡಿ, ಕೋಟು ನೀವೇ ಹಾಕಿಕೊಳ್ಳಿ ಭಾವ, ಎಂದೆ. ಹಾಕಿಕೊಂಡರೆ ಒಂದು ತೋಳು ಏರಿತು, ಇನ್ನೊಂದು ಅರ್ಧದಲ್ಲಿ ನಿಂತಿತು. ಬೆನ್ನಿನ ಹೊಲಿಗೆ ಬಿಚ್ಚಿ ಅಗಲ ಮಾಡಬೇಕಾಯಿತು. ಕಡಿಯಾಳಿಯ ದರ್ಜಿ ಒಳಗೆ ಬಟ್ಟೆ ಬಿಟ್ಟಿದ್ದ ಪುಣ್ಯಾತ್ಮ. ನಾನು ಕೋಟನ್ನು ಮಗುಚಿ ಹಾಕಿ ಕತ್ತರಿಯಿಂದ ಹೊಲಿಗೆ ಬಿಚ್ಚುತ್ತಿರುವಾಗ ರೋಸು ಎದ್ದು ಬಂದಳು. ಅವಳ ಕೂಗಿಗೆ ತೆಂಗಿನ ಮರದ ಕಾಗೆಗಳು ಹಾರಿದವು. ಅವಳು ಬೇಲಿ ನುಸುಳಿ ಓಡಿ, ಮಾವ್ಶಿ ಪಪ್ಪನ ಬೆನ್ನು ಕೊಯ್ಯುತ್ತಿದ್ದಾಳೆ ಎಂದು ರುಕಿಯಮ್ಮನ ಮನೆಯಲ್ಲಿ ಹೇಳಿದಳು. ಮೊಯ್ದೀನ್ ಬ್ಯಾರಿ ಊಟ ಬಿಟ್ಟು ಕೈ ತೊಳೆಯದೆ ಓಡಿ ಬಂದರು. ಭಾವ ಜೀವಂತ ನಿಂತದ್ದು ಕಂಡು, ನನ್ನ ಕತ್ತರಿಯನ್ನೂ ಕಂಡು, ಏನೂ ಕೇಳದೆ ಹೋಗಿ ಉಳಿದ ಊಟ ಮುಗಿಸಿದರು.

ಕೋಟು ರೆಡಿಯಾಯಿತು. ಸಂಜೆ ಭಾವ ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೋಟು ತೊಟ್ಟು, ಉಸಿರು ಬಿಗಿಹಿಡಿದು ಕುರ್ಚಿಯಲ್ಲಿ ಕೂತ. ತೋಳುಗಳನ್ನು ಕೋಟು ಇಡುತ್ತಿದ್ದ ಹಾಗೆಯೇ ಇಟ್ಟ. ತೇರ್ಸ್ ಆಗುವಾಗ ಬೆನ್ನು ತಿರುಗಿಸಿ ಮೊಣಕಾಲೂರಿದ್ದ ರೋಸು, ಮುಗಿದ ಮೇಲೆ ಕೈಮುಗಿದು ತಿರುಗಿ ಬಂದಳು. ಹತ್ತಿರ ಬಂದಳು. ರೋಸು ಕೋಟನ್ನು ಕೆಳಗಿನಿಂದ ಮೇಲೆ ನೋಡುತ್ತಾ ಬಂದಳು. ಕಾಲರಿನವರೆಗೆ ಎಲ್ಲ ಸರಿಯಿತ್ತು. ಅದರ ಮೇಲೆ ತಲೆ ಇತ್ತು.

"ಹಡಗಿನವ ಪಪ್ಪನನ್ನು ಹಾಕಿಕೊಂಡಿದ್ದಾನೆ" ಎಂದು ಅವಳು ಚೀರಿದಳು. ಎರಡೂ ಕೈಯಿಂದ ಕೋಟನ್ನು ಎಳೆಯುತ್ತಾ, ಬಿಡು, ಪಪ್ಪನನ್ನು ಬಿಡು ಎಂದು ಅವನ ಹೊಟ್ಟೆಗೆ ಗುದ್ದಿದಳು. ಭಾವ ಕೋಟು ಬಿಚ್ಚಲು ಹೋದ, ಬಿಗಿಯಾಗಿತ್ತು, ಬರಲಿಲ್ಲ. ನಾನೂ ಅಕ್ಕನೂ ಒಂದೊಂದು ತೋಳು ಹಿಡಿದು ಎಳೆದೆವು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಬನಿಯನಿನಲ್ಲಿ ನಿಂತ ಅವನೆದುರಿಗೇ ರೋಸು ಕೋಟನ್ನು ನೆಲದಲ್ಲಿ ಹಾಸಿ, ಬೆನ್ನು ಸವರಿ, ನೋವಾಯಿತಾ ಎಂದು ಕೇಳುತ್ತಿದ್ದಳು.

ಆ ಮೇಲೆ ಅವನು ಇಗರ್ಜಿಯ ಇಮ್ಯಾನುಯೆಲ್ ಪಾದ್ರಿಗಳ ಹತ್ತಿರ ಹೋಗಿ ದೂರು ಹೇಳಿದ. ಪಾದ್ರಿಗಳು ತಾವೇ ಬಂದು ನೋಡುವುದಾಗಿ ಹೇಳಿ, ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ಕಣ್ಣಿಗೆ ಕಂಡ ಮೊದಲ ಕುರ್ಚಿಯಲ್ಲಿ ಕೂತರು. ನೀವು ಪಪ್ಪನ ಮೇಲೆ ಕೂತಿದ್ದೀರಿ ಎಂದು ರೋಸು ಹೇಳಿದಳು. ಪಾದ್ರಿಗಳು ಥಟ್ಟನೆ ಎದ್ದು, ತಿರುಗಿ, ಕೋಟಿಗೆ 'ಕ್ಷಮಿಸಿ' ಎಂದರು. ಹೇಳಿದ ಮೇಲೆ ಅವರಿಗೆ ತಾವು ಹೇಳಿದ್ದು ಯಾರಿಗೆ ಎಂದು ಹೊಳೆಯಿತು. ಅಲ್ಲಿಗೆ ಆ ವಿಷಯದಲ್ಲಿ ಅವರ ಅಧಿಕಾರ ಮುಗಿಯಿತು. ಹಂದಿಮಾಂಸದ ಊಟ ಮುಗಿಸಿ ಹೊರಡುವಾಗ, ಕೋಟಿನಿಂದ ಬೆಸಾಂವ್ ತೆಗೆದುಕೊಳ್ಳಬಾರದೆಂದು ಎಲ್ಲೂ ಬರೆದಿಲ್ಲ, ತೆಗೆದುಕೊಳ್ಳಬೇಕೆಂದೂ ಬರೆದಿಲ್ಲ, ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಭಾವ ಸ್ಫೋಟಿಸಿದ. ಟ್ರಂಕಿಗೆ ಬಟ್ಟೆ ತುಂಬುತ್ತಾ ತುಂಬುತ್ತಾ ಎದ್ದು ನಿಂತು, ಎಲ್ಲ ಸೆಲೀನಳದೇ ತಪ್ಪು ಎಂದ. ತಾನು ಅಷ್ಟು ದೂರದಲ್ಲಿ ಹೊಗೆಯಲ್ಲಿ ಬೆಂದು ದುಡಿಯುವಾಗ ಇಲ್ಲಿ ಅವಳು ತನ್ನ ಜಾಗದಲ್ಲಿ ಒಂದು ಬಟ್ಟೆಯನ್ನು ಕೂರಿಸಿದಳು, ಈ ಮನೆಗೆ ಯಜಮಾನ ತಾನಾ, ಕೋಟಾ, ಅದನ್ನು ಇವತ್ತೇ ಹೇಳಬೇಕು ಎಂದ. ಕೋಟನ್ನು ಕಡಲಿಗೆ ಎಸೆಯುತ್ತೇನೆ ಎಂದೂ ಹೇಳಿದ. ಅಕ್ಕ ಅವನ ಅಂಗಿಗಳನ್ನು ಮಡಚುತ್ತಾ ಕೂತಿದ್ದಳು. ಅವಳು ಗಂಡನೊಡನೆ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಎಸೆಯಿರಿ," ಎಂದಳು. "ಆದರೆ ಒಂದು ಕೇಳಿ. ಆ ಕೋಟು ಮೂರು ವರ್ಷ ಈ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮಗುವಿಗೆ ಗೊತ್ತಿರುವುದು ಅಷ್ಟೇ."

ಭಾವ ಟ್ರಂಕಿನ ಮೇಲೆ ಕೂತುಬಿಟ್ಟ. ಅಕ್ಕ ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ನಾನು ಮೆಷಿನ್ನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದೆ, ಸೂಜಿಯಲ್ಲಿ ದಾರವೂ ಇರಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು, ಇಬ್ಬರನ್ನೂ ಕಂಡು ಸಂಕಟವೂ ಆಗಿತ್ತು.

ಆ ಸಂಜೆ ದೀಪ ಹಚ್ಚಿದಾಗ ಭಾವ ಕುರ್ಚಿಯಲ್ಲಿ ಕೂರುವ ಯೋಚನೆ ಮಾಡಲಿಲ್ಲ. ಕೋಟನ್ನು ತಾನೇ ತಂದು ಕುರ್ಚಿಗೆ ಹಾಕಿ, ತೋಳುಗಳನ್ನು ಸರಿಮಾಡಿದ. ಅಲ್ತಾರಿನ ಮುಂದೆ ಅವನು ಯಾವಾಗಲೂ ಮೊಣಕಾಲೂರುವ ಜಾಗದಲ್ಲಿ ಆ ದಿನ ಟ್ರಂಕೂ ಹಾಸಿಗೆಯ ಸುರುಳಿಯೂ ಇದ್ದವು. ಜಾಗ ಉಳಿದಿದ್ದದ್ದು ಮಕ್ಕಳ ಸಾಲಿನ ಕೊನೆಯಲ್ಲಿ, ರೋಸುವಿನ ಆಚೆ. ಅಲ್ಲಿ ಹೋಗಿ ಕೂತ. ರೋಸು ಒಮ್ಮೆ ಓರೆಗಣ್ಣಿನಿಂದ ನೋಡಿದಳು. ತೇರ್ಸಿನ ನಡುವೆ ಅವನು ತೂಕಡಿಸಿದಾಗ ಅವನ ತೊಡೆಯನ್ನು ಚಿವುಟಿದಳು. ಅಷ್ಟು ದಿನ ಸಾಲಿನ ಕೊನೆಯಲ್ಲಿ ಚಿವುಟಿಸಿಕೊಳ್ಳುತ್ತಿದ್ದವಳು ಅವಳೇ.

ಪ್ರಾರ್ಥನೆ ಮುಗಿದು ಬೆಸಾಂವ್ ಶುರುವಾಯಿತು. ಲಿಯೋನೆಲ್ ಅಪ್ಪನ ಮುಖ ನೋಡಿದ. ಭಾವ ಕುರ್ಚಿಯ ಕಡೆ ಕೈ ತೋರಿಸಿದ. ಲಿಯೋನೆಲ್ ಕೋಟಿನ ಮುಂದೆ ಬಗ್ಗಿದ, ಅವನ ಹಿಂದೆ ಜೋನ್, ಅವಳ ಹಿಂದೆ ರೋಸು. ರೋಸುವಿನ ಹಿಂದೆ ಕೈಮುಗಿದುಕೊಂಡು ನನ್ನ ಭಾವ ಸ್ಟ್ಯಾನಿಸ್ಲಾಸ್. ಅವನ ಸರದಿ ಬಂದಾಗ ತನ್ನ ಮದುವೆಯ ಕೋಟಿಗೆ ತಲೆ ಬಾಗಿಸಿ 'ಬೆಸಾಂವ್ ದಿಯಾ' ಎಂದ. ತಮಾಷೆ ಮಾಡುತ್ತಿದ್ದಾನೋ ಸೋತು ಹಾಗೆ ಮಾಡುತ್ತಿದ್ದಾನೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ. ಅಕ್ಕ ಗಂಟಲು ದಪ್ಪ ಮಾಡಲು ಹೋದಳು, ಆಗಲಿಲ್ಲ. ತನ್ನ ಸ್ವಂತ ಧ್ವನಿಯಲ್ಲೇ 'ದೇವ್ ಬರೆಂ ಕರುಂ' ಎಂದಳು.

ಅವನು ಅಕ್ಕನಿಂದ ಕೇಳಿದ. ನನ್ನಿಂದ ಕೇಳಿದ, ನಾನು ಕೊಟ್ಟೆ, ನಾನು ಅವನಿಗಿಂತ ಎಷ್ಟು ಚಿಕ್ಕವಳೆಂಬುದು ಆಗ ಮುಖ್ಯವಾಗಿರಲಿಲ್ಲ. ಲಿಯೋನೆಲ್ ನಾಚಿಕೊಂಡು ಕೊಟ್ಟ, ಜೋನ್ ನಗುತ್ತಾ ಕೊಟ್ಟಳು. ಕೊನೆಗೆ ಅವನು ರೋಸುವಿನ ಮುಂದೆ ಬಂದ. ಅವಳು ಅಷ್ಟರಲ್ಲಿ ಊಟಕ್ಕೆಂದು ಮಣೆಯ ಕಡೆ ಹೊರಟಿದ್ದಳು, ಅವಳ ಪಾಲಿಗೆ ಬೆಸಾಂವ್ ಅಲ್ಲಿಗೆ ಮುಗಿಯುವಂಥದು. ಹಿಂದೆ ಯಾರೋ ಮೊಣಕಾಲೂರಿದ ಸದ್ದಾಗಿ ತಿರುಗಿದಳು. ಅಷ್ಟು ದೊಡ್ಡ ಮನುಷ್ಯ ಅವಳ ಎತ್ತರಕ್ಕೆ ಇಳಿದು, ಕೈಮುಗಿದು, ತಲೆ ಬಗ್ಗಿಸಿ ಕೂತಿದ್ದ.

"ಬೆಸಾಂವ್ ದಿಯಾ," ಎಂದ.

ರೋಸು ನಮ್ಮೆಲ್ಲರ ಮುಖ ನೋಡಿದಳು. ಯಾರೂ ನಗಲಿಲ್ಲ. ಹುಟ್ಟಿದಾಗಿನಿಂದ ಅವಳ ಹತ್ತಿರ ಅದನ್ನು ಕೇಳಿದವರಿಲ್ಲ, ಅವಳ ಹಿಂದೆ ಯಾರೂ ಇದ್ದದ್ದೇ ಇಲ್ಲ. ಅವಳು ಎರಡೂ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಬಂದು, ಎಣ್ಣೆ ಹಚ್ಚಿದ ಆ ತಲೆಯ ಮೇಲೆ ಎರಡನ್ನೂ ಇಟ್ಟು, ಗಂಟಲು ದಪ್ಪ ಮಾಡಿ, "ದೇವ್ ಬರೆಂ ಕರುಂ" ಎಂದಳು. ಆಮೇಲೆ ಅವನ ಬೆರಳು ಹಿಡಿದು ಎಬ್ಬಿಸಿ, ತನ್ನ ಮಣೆಯ ಪಕ್ಕದಲ್ಲಿ ಅವನಿಗೊಂದು ಮಣೆ ಹಾಕಿ, ಗಂಜಿ ಬಿಸಿ ಉಂಟು, ಊದಿಕೊಂಡು ಕುಡಿ ಎಂದು ಹೇಳಿಕೊಟ್ಟಳು. ಭಾವ ಊದಿಕೊಂಡು ಕುಡಿದ. ಅವನ ಕಣ್ಣಿನಿಂದ ನೀರು ಗಂಜಿಗೆ ಬೀಳುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ.

ಬೆಳಿಗ್ಗೆ ಮಾರ್ಗದ ಬದಿಯಲ್ಲಿ ಬಸ್ಸಿಗೆ ಕಾಯುವಾಗ ಅಕ್ಕ ಕೊನೆಯ ಪ್ರಯತ್ನ ಮಾಡಿದಳು. ಬಸ್ಸು ಬರುತ್ತದೆ, ಈಗಲಾದರೂ ಕೇಳು ಎಂದು ರೋಸುವನ್ನು ಮುಂದೆ ತಳ್ಳಿದಳು. ರೋಸುವಿಗೆ ಅರ್ಥವಾಗಲಿಲ್ಲ. ಸಾಲಿನಲ್ಲಿ ನನ್ನ ಹಿಂದೆ ನಿಲ್ಲುವವನು ಅವನು, ಚಿಕ್ಕವರ ಹತ್ತಿರ ದೊಡ್ಡವರು ಯಾಕೆ ಕೇಳಬೇಕು ಎಂದಳು. ಭಾವ ಬಿಡು ಸೆಲೀನ್ ಎಂದ. ಮಾರ್ಗದ ಮಣ್ಣಿನಲ್ಲಿ, ಒಗೆದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ ಇನ್ನೊಮ್ಮೆ ಕೇಳಿದ. ರೋಸು ಕೊಟ್ಟಳು, ಟೊಪ್ಪಿ ಸರಿಮಾಡಿದಳು. ಅವನು ಹತ್ತಿದ ಮೇಲೆ ಬಸ್ಸು ಮುಲ್ಕಿಯ ಕಡೆ ಹೋಯಿತು. ನಾವು ಮನೆಗೆ ಬಂದೆವು.

ಸಂಜೆ ಕೋಟು ಕುರ್ಚಿಯಲ್ಲಿ ಕೂತಿತು, ತೇರ್ಸ್ ಮುಗಿಯಿತು, ಬೆಸಾಂವ್ ಮುಗಿಯಿತು. ಎಲ್ಲರೂ ಊಟಕ್ಕೆ ಎದ್ದರೂ ರೋಸು ಸಾಲಿನ ಕೊನೆಯಲ್ಲಿ ನಿಂತೇ ಇದ್ದಳು. ಆಮೇಲೆ ಹಿಂದಕ್ಕೆ ತಿರುಗಿ, ಯಾರೂ ಇಲ್ಲದ ಕಡೆ, ಮೊಣಕಾಲೂರಿದ ಮನುಷ್ಯನ ತಲೆ ಇರುವ ಎತ್ತರಕ್ಕೆ ಎರಡೂ ಕೈ ಚಾಚಿ, "ದೇವ್ ಬರೆಂ ಕರುಂ, ಹಡಗಿನವಾ" ಎಂದಳು. ಮರುದಿನವೂ ಹಾಗೇ ಮಾಡಿದಳು. ಅವನು ಮತ್ತೆ ಬರುವ ತನಕ ಅವಳು ಒಂದು ಸಂಜೆಯೂ ಅದನ್ನು ತಪ್ಪಿಸಲಿಲ್ಲ, ಮತ್ತು ಅವಳು ಕೈ ಇಳಿಸುವ ತನಕ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.